ಇಪ್ಪತ್ಮೂರನೇ ಸೆಕೆಂಡಿನಲ್ಲಿ ಏನಾಯ್ತು?

ನನ್ನ ಬಲಗೈಯ ಉಂಗುರ ಬೆರಳು ಹತ್ತೊಂಬತ್ತು ವರ್ಷ ಯಾವ ಕೆಲಸವನ್ನೂ ಒಂಟಿಯಾಗಿ ಮಾಡಿರಲಿಲ್ಲ. ಅನ್ನ ಕಲಸುವಾಗ ಉಳಿದ ಬೆರಳುಗಳ ಜೊತೆ ಸೇರಿಕೊಳ್ಳುತ್ತಿತ್ತು, ಮೊಬೈಲ್ ಹಿಡಿದಾಗ ಹಿಂದೆ ನಿಂತು ಆಸರೆ ಕೊಡುತ್ತಿತ್ತು, ಅಷ್ಟೆ. ಕಳೆದ ವರ್ಷ ಅದಕ್ಕೆ ಮೊದಲ ಸಲ ಸ್ವತಂತ್ರ ಹುದ್ದೆ ಸಿಕ್ಕಿತು. ಯುಕುಲೆಲೆಯ ಕೊನೆಯ ತಂತಿಯನ್ನು ಮೀಟುವ ಹುದ್ದೆ. ಮೊದಲ ಎರಡು ವಾರ ಅದು ತಂತಿಗೆ ಸಿಗದೆ ಗಾಳಿಯಲ್ಲೇ ಮೀಟುತ್ತಿತ್ತು.

ಯುಕುಲೆಲೆ ಕೊಂಡಿದ್ದು ಹಾಸ್ಟೆಲಿನ ಸೀನಿಯರ್ ಒಬ್ಬರಿಂದ. ಕೋರ್ಸ್ ಮುಗಿಸಿ ರೂಮ್ ಖಾಲಿ ಮಾಡುವಾಗ ಬಕೆಟ್, ಟೇಬಲ್ ಫ್ಯಾನ್, ಡ್ರಾಫ್ಟರ್ ಜೊತೆ ಅದನ್ನೂ ಮಾರಾಟಕ್ಕಿಟ್ಟಿದ್ದರು. 1,200 ರೂಪಾಯಿ. 'ನಾಲ್ಕು ಕಾರ್ಡ್ ಕಲಿ, ನೂರು ಹಾಡು ನುಡಿಸಬಹುದು' ಅಂದರು. ರೂಮ್‌ಮೇಟ್ ಅದನ್ನು ನೋಡಿ 'ಗಿಟಾರ್ ಮರಿ ಹಾಕಿದೆಯೇನೋ' ಅಂದ. ಈ ಮರಿಯ ಊರು ಹವಾಯಿ. 1879ರ ಆಗಸ್ಟ್‌ನಲ್ಲಿ ರೇವನ್ಸ್‌ಕ್ರಾಗ್ ಅನ್ನುವ ಹಡಗಿನಲ್ಲಿ ಪೋರ್ಚುಗಲ್‌ನ ಮದೈರಾ ದ್ವೀಪದವರು ಕಬ್ಬಿನ ತೋಟದ ಕೂಲಿಗೆಂದು ಹೊನೊಲುಲುವಿಗೆ ಬಂದಿಳಿದರು. ಅವರ ಜೊತೆ ಬಂದ ಪುಟ್ಟ ತಂತಿವಾದ್ಯವೇ ಅಲ್ಲಿನ ಬಡಗಿಗಳ ಕೈಯಲ್ಲಿ ಯುಕುಲೆಲೆ ಆಯಿತು. ಹೆಸರಿಗೆ 'ಜಿಗಿಯುವ ಚಿಗಟ' ಎಂದು ಅರ್ಥ ಹೇಳುತ್ತಾರೆ. ನುಡಿಸುವವರ ಬೆರಳು ತಂತಿಯಿಂದ ತಂತಿಗೆ ಹಾರುವುದನ್ನು ನೋಡಿದರೆ ಹೆಸರು ಒಪ್ಪುತ್ತದೆ. ನನ್ನ ಬೆರಳುಗಳು ಮಾತ್ರ ಆಗ ಜಿಗಿಯುವ ಎಮ್ಮೆಗಳಂತಿದ್ದವು.

ನಾಲ್ಕು ಕಾರ್ಡ್ ಒಂದು ತಿಂಗಳಲ್ಲಿ ಬಂತು. ಸಿ, ಎ ಮೈನರ್, ಎಫ್, ಜಿ ಸೆವೆನ್. ನಾಲ್ಕೂ ತಂತಿಯ ಮೇಲೆ ಕೈ ಬೀಸಿ ಝಂ ಝಂ ಅನ್ನಿಸುವುದು ಬೇಗ ಬೇಸರ ಬಂತು. ಒಂದೊಂದು ತಂತಿಯನ್ನೂ ಒಂದೊಂದು ಬೆರಳಿನಿಂದ ಬಿಡಿಬಿಡಿಯಾಗಿ ಮೀಟುವ ಫಿಂಗರ್‌ಪಿಕ್ಕಿಂಗ್ ಕಲಿಯಬೇಕು ಅಂತ ಹಟ ಹಿಡಿಯಿತು. ಯೂಟ್ಯೂಬ್‌ನಲ್ಲಿ ಪಾಠಗಳಿಗೇನು ಬರ? ಅರವತ್ತು ವಿಡಿಯೊ ಆದರೂ ನೋಡಿರಬೇಕು. ಪ್ರತಿ ವಿಡಿಯೊ ನೋಡಿದಾಗಲೂ ಅರ್ಥವಾಯಿತು ಅನ್ನಿಸುತ್ತಿತ್ತು, ವಾದ್ಯ ಕೈಗೆತ್ತಿಕೊಂಡರೆ ಮೊನ್ನೆ ಎಲ್ಲಿದ್ದೆನೋ ಅಲ್ಲೇ ಇರುತ್ತಿದ್ದೆ. ವಿಡಿಯೊದಲ್ಲಿರುವ ಮೇಷ್ಟ್ರನ್ನು ನಾನು ಕೇಳಿಸಿಕೊಳ್ಳುತ್ತೇನೆ. ಅವರು ನನ್ನನ್ನು ಕೇಳಿಸಿಕೊಳ್ಳುವುದಿಲ್ಲ. ಇಷ್ಟು ಸರಳ ವಿಷಯ ಹೊಳೆಯಲು ಎರಡು ತಿಂಗಳು ಬೇಕಾಯಿತು.

ಆಗ ವಾದ್ಯ ಮಾರಿದ ಸೀನಿಯರ್ರೇ ನನ್ನನ್ನು ಒಂದು ಟೆಲಿಗ್ರಾಂ ಗ್ರೂಪಿಗೆ ಸೇರಿಸಿದರು. ಹದಿನಾಲ್ಕು ಜನ. ಶಿರಸಿಯಲ್ಲಿ ಬ್ಯಾಂಕ್ ಕೆಲಸದಲ್ಲಿರುವ ಅಕ್ಕ ಒಬ್ಬರು, ಮಸ್ಕತ್‌ನಲ್ಲಿ ಎ.ಸಿ. ರಿಪೇರಿ ಮಾಡುವ ಅಣ್ಣ, ಹೈಸ್ಕೂಲಿನಿಂದ ನಿವೃತ್ತರಾದ ಮೇಷ್ಟ್ರು, ಉಳಿದವರು ಹೆಚ್ಚುಕಡಿಮೆ ನನ್ನಂಥವರು. ಯಾರೂ ದೊಡ್ಡ ಕಲಾವಿದರಲ್ಲ. ಪ್ರತಿ ಭಾನುವಾರ ಒಂದು ಚಾಲೆಂಜ್ ಬರುತ್ತದೆ. ಮುಂದಿನ ಶನಿವಾರ ರಾತ್ರಿಯೊಳಗೆ ಎಲ್ಲರೂ ಒಂದು ನಿಮಿಷದ ರೆಕಾರ್ಡಿಂಗ್ ಹಾಕಬೇಕು. ಎಡಿಟ್ ಮಾಡುವಂತಿಲ್ಲ, 'ಇನ್ನೂ ಸರಿಯಾಗಿಲ್ಲ, ಮುಂದಿನ ವಾರ ಹಾಕ್ತೀನಿ' ಅನ್ನುವಂತೆಯೂ ಇಲ್ಲ. ಕೇಳಿದವರು 'ಸೂಪರ್' ಎಂದು ಬರೆದು ಸುಮ್ಮನಾಗುವಂತಿಲ್ಲ. ಚೆನ್ನಾಗಿದ್ದದ್ದು ಒಂದನ್ನು ಹೇಳಬೇಕು, ತಿದ್ದಬೇಕಾದ್ದು ಒಂದನ್ನು ಹೇಳಬೇಕು, ಅದು ಎಷ್ಟನೇ ಸೆಕೆಂಡಿನಲ್ಲಿ ಎಂದು ತೋರಿಸಬೇಕು. ಗೆಲುವು, ಸೋಲು, ಬಹುಮಾನ ಒಂದೂ ಇಲ್ಲ. ಚಾಲೆಂಜ್ ಅನ್ನುವ ಪದ ಅಲ್ಲಿ ಸುಮ್ಮನೆ ಜೋರಿಗೆ.

ನನ್ನ ಮೊದಲ ಚಾಲೆಂಜ್ ತೀರಾ ಸುಲಭದ್ದು. ಅದೇ ನಾಲ್ಕು ಕಾರ್ಡ್, ಮೆಟ್ರೊನೋಮ್ ನಿಮಿಷಕ್ಕೆ 60ರ ವೇಗದಲ್ಲಿ, ಹೆಬ್ಬೆರಳು, ತೋರು, ಮಧ್ಯ, ಉಂಗುರ ಅಂತ ಸಾಲಾಗಿ ನಾಲ್ಕು ತಂತಿ ಮೀಟುತ್ತಾ ಹೋಗಬೇಕು. ಹಾಸ್ಟೆಲಿನ ಟೆರೇಸ್ ಮೆಟ್ಟಿಲ ಮೇಲೆ ಕೂತು ಮೂವತ್ತೊಂದು ಸಲ ರೆಕಾರ್ಡ್ ಮಾಡಿದೆ. ಮೂವತ್ತೂ ಅಳಿಸಿದೆ. ಶನಿವಾರ ರಾತ್ರಿ 11.50ಕ್ಕೆ ಕೊನೆಯದನ್ನು ಕಳಿಸಿ, ಉತ್ತರ ಬಂದರೆ ಕಾಣದಿರಲಿ ಎಂದು ಫೋನ್ ಮುಖ ಕೆಳಗೆ ಮಾಡಿ ಮಲಗಿದೆ.

ಬೆಳಿಗ್ಗೆ ಶಿರಸಿ ಅಕ್ಕನ ವಾಯ್ಸ್ ಮೆಸೇಜ್ ಇತ್ತು. 'ಪ್ರತಿ ತಂತಿಯೂ ಸ್ಪಷ್ಟವಾಗಿ ಕೇಳ್ತಾ ಇದೆ ತಮ್ಮಾ. 23ನೇ ಸೆಕೆಂಡಿಗೆ ಏನಾಯ್ತು ನೋಡು. ಎಫ್‌ನಿಂದ ಜಿ ಸೆವೆನ್‌ಗೆ ಹೋಗುವಾಗ ಎಡಗೈ ಬೆರಳೆಲ್ಲಾ ಎತ್ತಿಬಿಡ್ತೀಯ. ತೋರುಬೆರಳು ಎತ್ತಬೇಡ. ಎರಡೂ ಕಾರ್ಡಿಗೆ ಅದು ಅಲ್ಲೇ ಇರೋದು.'

ತಕ್ಷಣ ಎದ್ದು ನೋಡಿದೆ. ಹೌದು! ಎಫ್‌ನಲ್ಲಿ ತೋರುಬೆರಳು ಇ ತಂತಿಯ ಮೊದಲ ಫ್ರೆಟ್ ಮೇಲೆ. ಜಿ ಸೆವೆನ್‌ನಲ್ಲೂ ಅದೇ ತಂತಿ, ಅದೇ ಫ್ರೆಟ್. ಎರಡೂ ಕಾರ್ಡಿನ ಚಿತ್ರ ನನ್ನ ಗೋಡೆಯ ಮೇಲೇ ಅಂಟಿಸಿತ್ತು. ಎರಡು ತಿಂಗಳಿಂದ ನೋಡುತ್ತಿದ್ದೆ. ಕಂಡಿರಲಿಲ್ಲ. ಆ ಒಂದು ಬೆರಳು ಊರಿಕೊಂಡ ಮೇಲೆ ಉಳಿದವು ಅದನ್ನೇ ಗೂಟ ಮಾಡಿಕೊಂಡು ತಮ್ಮ ಜಾಗ ತಾವೇ ಹುಡುಕಿಕೊಂಡವು. ಬಲಗೈ ತಡವರಿಸುವುದೂ ನಿಂತಿತು. ತಪ್ಪು ಕೇಳಿಸುತ್ತಿದ್ದುದು ಬಲಗೈಯಲ್ಲಿ, ಇದ್ದದ್ದು ಎಡಗೈಯಲ್ಲಿ.

ಇದನ್ನು ಇಷ್ಟು ಉದ್ದ ಬರೆಯಲು ಕಾರಣವಿದೆ. ಅದೇ ಸೆಮಿಸ್ಟರಿನಲ್ಲಿ ನಾನು ಗಣಿತದಲ್ಲಿ ಫೇಲಾದೆ. 100ಕ್ಕೆ 27.

'ಯುಕುಲೆಲೆ ಹಿಡ್ಕೊಂಡ್ರೆ ಇನ್ನೇನಾಗುತ್ತೆ' ಅಂತ ನಿಮಗೂ ಅನ್ನಿಸಿರಬಹುದು. ರೂಮ್‌ಮೇಟ್‌ಗೂ ಹಾಗೇ ಅನ್ನಿಸಿತು. ದಿನಕ್ಕೆ ಅರ್ಧ ಗಂಟೆ ಅದಕ್ಕೆ ಹೋಗುತ್ತಿತ್ತು, ರೀಲ್ಸ್‌ಗೆ ಅದಕ್ಕಿಂತ ಜಾಸ್ತಿ ಹೋಗುತ್ತಿತ್ತು ಅಂತ ವಾದ ಮಾಡಬಲ್ಲೆ. ಆದರೆ ಆ ಅರ್ಧ ಗಂಟೆ ಗಣಿತಕ್ಕೆ ಹೋಗಿದ್ದರೆ ಪಾಸಾಗುತ್ತಿರಲಿಲ್ಲ ಎಂದು ಆಣೆ ಮಾಡಿ ಹೇಳಲಾರೆ. ಹಾಗಾಗಿ ಆ ವಾದ ಬಿಟ್ಟೆ. ನನ್ನನ್ನು ಕಾಡಿದ್ದು ಬೇರೆಯದೇ. 27 ಅನ್ನುವ ಸಂಖ್ಯೆ ನನಗೆ ಏನು ಹೇಳಿತು? ದಡ್ಡ ಅಂತ ಹೇಳಿತು. ಎಲ್ಲಿ ಎಡವಿದೆ ಅಂತ ಹೇಳಲಿಲ್ಲ. ಉತ್ತರಪತ್ರಿಕೆಯ ನಕಲು ಬೇಕಿದ್ದರೆ ಹಣ ಕಟ್ಟಿ ತರಿಸಿಕೊಳ್ಳಬಹುದಿತ್ತು. ತರಿಸಲಿಲ್ಲ. ದುಡ್ಡಿಲ್ಲದೆ ಅಲ್ಲ, ನೋಡಲು ಭಯ. ಎರಡು ತಿಂಗಳು ಮನೆಯಲ್ಲೂ ಹೇಳಲಿಲ್ಲ. ಅಪ್ಪ ಚಿತ್ರದುರ್ಗದಲ್ಲಿ ಹಾರ್ಡ್‌ವೇರ್ ಅಂಗಡಿಯೊಂದರ ಲೆಕ್ಕ ಬರೆಯುತ್ತಾರೆ. ಲೆಕ್ಕ ಬರೆಯುವವರ ಮಗ ಗಣಿತದಲ್ಲಿ ಫೇಲ್ ಅನ್ನುವುದನ್ನು ಹೇಗೆ ಹೇಳುವುದು?

ಅಷ್ಟರಲ್ಲಿ ಗ್ರೂಪಿನಲ್ಲಿ ಮೇಷ್ಟ್ರು ಒಂದು ಚಾಲೆಂಜ್ ಕೊಟ್ಟರು. ಮಾಯಾಮಾಳವಗೌಳದ ಮೊದಲ ಸರಳೆ ವರಸೆಯನ್ನು ಯುಕುಲೆಲೆಯಲ್ಲಿ ಬೆರಳಿನಿಂದ ಮೀಟಿ ನುಡಿಸಬೇಕು. ಪುರಂದರದಾಸರು ಹಾಕಿಕೊಟ್ಟದ್ದೆಂದು ನಂಬಿರುವ, ಸಂಗೀತಕ್ಕೆ ಕೂತ ಪ್ರತಿ ಮಗುವೂ ಮೊದಲು ಕಲಿಯುವ ಪಾಠ. ಸಿ ತಂತಿಯನ್ನು ಷಡ್ಜ ಅಂದುಕೊಂಡರೆ ಅದರ ಮೊದಲ ಫ್ರೆಟ್ ರಿ, ಇ ತಂತಿಯನ್ನು ಹಾಗೇ ಬಿಟ್ಟು ಮೀಟಿದರೆ ಗ, ಅದರ ಮೊದಲ ಫ್ರೆಟ್ ಮ, ಮೂರನೆಯದು ಪ, ನಾಲ್ಕನೆಯದು ದ, ಎ ತಂತಿಯಲ್ಲಿ ಎರಡನೆಯದು ನಿ, ಮೂರನೆಯದು ಮೇಲಿನ ಸ. ಕಾಗದದ ಮೇಲೆ ಸಲೀಸು. ನುಡಿಸುವಾಗ ಮ ಆದ ಮೇಲೆ ಕೈ ಮುಂದಕ್ಕೆ ಜರುಗಬೇಕು, ಅಲ್ಲಿ ಪ್ರತಿ ಸಲ ಸ್ವರ ಕತ್ತರಿಸಿಹೋಗುತ್ತಿತ್ತು.

ನನ್ನ ರೆಕಾರ್ಡಿಂಗ್ ಕೇಳಿ ಮಸ್ಕತ್ ಅಣ್ಣ ಬರೆದರು: 'ಪ ಅನ್ನು ಮೂರನೇ ಫ್ರೆಟ್‌ನಲ್ಲಿ ಯಾಕೆ ಹುಡುಕ್ತೀಯ ಮಾರಾಯ? ಮೇಲಿನ ತಂತಿ ಇದೆಯಲ್ಲ!'

ಗಿಟಾರಿನಲ್ಲಿ ಮೇಲಿನ ತಂತಿ ಅಂದರೆ ಎಲ್ಲಕ್ಕಿಂತ ಕೆಳಗಿನ ಸ್ವರ. ಯುಕುಲೆಲೆಯಲ್ಲಿ ಹಾಗಲ್ಲ. ಮೇಲಿರುವ ಜಿ ತಂತಿ ಪಕ್ಕದ ಸಿ ಮತ್ತು ಇ ಎರಡಕ್ಕಿಂತಲೂ ಎತ್ತರದ ಸ್ವರದ್ದು. ಇ ತಂತಿಯ ಮೂರನೇ ಫ್ರೆಟ್‌ನಲ್ಲಿ ಸಿಗುವ ಅದೇ ಪ, ಅಲ್ಲಿ ಯಾವ ಫ್ರೆಟ್ ಒತ್ತದೆಯೂ ಸಿಗುತ್ತದೆ. ಮ ಆದ ಮೇಲೆ ಹೆಬ್ಬೆರಳಿನಿಂದ ಮೇಲಿನ ತಂತಿ ಮೀಟಿದರೆ ಆಯಿತು. ಅದು ನುಡಿಯುತ್ತಿರುವಾಗ ಎಡಗೈಗೆ ನಾಲ್ಕನೇ ಫ್ರೆಟ್ಟಿಗೆ ಹೋಗಲು ಬೇಕಾದಷ್ಟು ಬಿಡುವು. ಜೊತೆಗೆ ಎರಡು ತಂತಿಗಳ ಸ್ವರ ಒಂದರ ಮೇಲೊಂದು ಹಾಸಿಕೊಂಡು ಗಂಟೆ ಬಾರಿಸಿದಂತೆ ಕೇಳುತ್ತದೆ. ಈ ವಾದ್ಯದ ಬೆಡಗೇ ಅದು ಅಂತ ಆಮೇಲೆ ತಿಳಿಯಿತು.

ಖುಷಿಗೆ ಅದನ್ನು ಅಮ್ಮನಿಗೆ ವಾಟ್ಸ್‌ಆ್ಯಪ್ ಮಾಡಿದೆ. ಅಮ್ಮ ಹೈಸ್ಕೂಲಿನಲ್ಲಿದ್ದಾಗ ಜಂಟಿ ವರಸೆವರೆಗೆ ಸಂಗೀತ ಕಲಿತವಳು. ಆಮೇಲೆ ಬಿಟ್ಟುಹೋಯಿತು. ಹೊಗಳುತ್ತಾಳೆ ಅಂದುಕೊಂಡಿದ್ದೆ. ಫೋನ್ ಮಾಡಿ, 'ಚೆನ್ನಾಗೈತೆ ಕಣೋ. ಆದ್ರೆ ರಿ, ಮ ಎರಡೂ ಒಂಚೂರು ಮೇಲೈತೆ. ಮಿಕ್ಕಿದ್ದು ಸರಿ' ಅಂದಳು. ನನಗೆ ನಗು ಬಂತು. ಫ್ರೆಟ್ ಇರುವ ವಾದ್ಯ, ಟ್ಯೂನರ್ ಆ್ಯಪ್‌ನಲ್ಲಿ ಶ್ರುತಿ ಮಾಡಿದ್ದೇನೆ, ಅಪಶ್ರುತಿ ಎಲ್ಲಿಂದ ಬರುತ್ತದಮ್ಮ ಅಂತ ಎಂಜಿನಿಯರಿಂಗ್ ವಿದ್ಯಾರ್ಥಿಯ ಗತ್ತಿನಲ್ಲಿ ವಿವರಿಸಿದೆ. ಫೋನಿಟ್ಟ ಮೇಲೆ ಅನುಮಾನಕ್ಕೆ ಆ್ಯಪ್ ಹಿಡಿದು ಒಂದೊಂದೇ ಸ್ವರ ನೋಡಿದೆ. ರಿ ಮೇಲಿತ್ತು. ಮ ಮೇಲಿತ್ತು. ಮಿಕ್ಕಿದ್ದು ಸರಿ ಇತ್ತು.

ಗ್ರೂಪಿನಲ್ಲಿ ಕೇಳಿದಾಗ ಕಾರಣ ಸಿಕ್ಕಿತು. ರಿ, ಮ ಎರಡೂ ಮೊದಲ ಫ್ರೆಟ್‌ನವು. ಅಗ್ಗದ ಯುಕುಲೆಲೆಗಳಲ್ಲಿ ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿ ಎತ್ತರವಾಗಿದ್ದರೆ ಮೊದಲ ಫ್ರೆಟ್ ಒತ್ತುವಾಗ ತಂತಿ ಹೆಚ್ಚು ಎಳೆದುಕೊಂಡು ಸ್ವರ ಏರುತ್ತದೆ. ಮೈಸೂರಿನಲ್ಲಿ ವಾದ್ಯ ರಿಪೇರಿ ಮಾಡುವವರೊಬ್ಬರು ಆ ಪಟ್ಟಿಯ ಗೀರುಗಳನ್ನು ಸಣ್ಣ ಅರದಿಂದ ಉಜ್ಜಿ ಆಳ ಮಾಡಿಕೊಟ್ಟರು. 150 ರೂಪಾಯಿ. ಸೀನಿಯರ್ ಮೂರು ವರ್ಷ ನುಡಿಸಿದ್ದ, ನಾನು ಏಳು ತಿಂಗಳು ನುಡಿಸಿದ್ದ ವಾದ್ಯದ ದೋಷವನ್ನು ಚಿತ್ರದುರ್ಗದಲ್ಲಿ ರೊಟ್ಟಿ ತಟ್ಟುತ್ತಾ ಫೋನಿನಲ್ಲಿ ಕೇಳಿದವಳು ಹಿಡಿದಳು!

ಸರಿಮಾಡಿಸಿದ್ದನ್ನು ನುಡಿಸಿ ತೋರಿಸಲು ಆ ಸಂಜೆ ಮತ್ತೆ ಫೋನ್ ಮಾಡಿದೆ. 'ಈಗ ಸರಿಯಾತು ನೋಡು' ಅಂದಳು. 'ಅಮ್ಮ, ಇನ್ನೊಂದು ವಿಷಯ ಇದೆ' ಅಂದೆ. ಗಣಿತದ್ದು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. 'ಎಲ್ಲಿ ತಪ್ಪಾತು ಅಂತ ಯಾರನ್ನಾದ್ರೂ ಕೇಳಿದ್ಯಾ?' ಅಂದಳು. ಕೇಳಿರಲಿಲ್ಲ.

ಮರುದಿನ ಬಿಡಿಸಿದ ಲೆಕ್ಕಗಳ ನೋಟ್‌ಬುಕ್ ಹಿಡಿದು ಗಣಿತದ ಸರ್ ಹತ್ತಿರ ಹೋದೆ. ನೀಟಾಗಿ ನಕಲು ಮಾಡಿದ ನೋಟ್ಸ್ ಅಲ್ಲ, ಗೀಚಿ ಹೊಡೆದುಹಾಕಿ ಅರ್ಧಕ್ಕೆ ನಿಂತವೇ ಜಾಸ್ತಿ ಇದ್ದ ಪುಸ್ತಕ. 'ಸರ್, ಯಾವ ಸಾಲಿನಲ್ಲಿ ತಪ್ಪಿದೆ ಅಂತ ಅಷ್ಟು ಹೇಳಿ ಸಾಕು' ಅಂದೆ. ನಾಲ್ಕು ನಿಮಿಷ ನೋಡಿದರು. ಲ್ಯಾಪ್ಲಾಸ್ ಟ್ರಾನ್ಸ್‌ಫಾರ್ಮ್‌ನಲ್ಲಿ ಕಾಸ್ ಜೊತೆ ಇ ಘಾತ ಎಟಿ ಬಂದಾಗ ಎಸ್ ಇದ್ದ ಕಡೆಯೆಲ್ಲಾ ಎಸ್ ಮೈನಸ್ ಎ ಹಾಕಬೇಕು. ನಾನು ಕೆಳಗೆ ಛೇದದಲ್ಲಿ ಹಾಕುತ್ತಿದ್ದೆ, ಮೇಲೆ ಅಂಶದಲ್ಲಿ ಮರೆಯುತ್ತಿದ್ದೆ. ಆರು ಲೆಕ್ಕದಲ್ಲೂ ಅದೇ ಮರೆವು. 'ಇದನ್ನ ಆವತ್ತೇ ಬಂದು ಕೇಳೋದಲ್ವೇನೋ?' ಅಂದರು. ಬೈಯಲಿಲ್ಲ. ಅವರು ಬೈಯುತ್ತಾರೆ ಅಂತ ನಾನೇ ನಾಲ್ಕು ಸೆಮಿಸ್ಟರ್ ನಂಬಿಕೊಂಡಿದ್ದೆ.

ನನ್ನ ತಕರಾರು ಇಷ್ಟೆ. ನಮ್ಮ ವಯಸ್ಸಿನವರಿಗೆ ತೀರ್ಪು ಸಿಕ್ಕಷ್ಟು ಸುಲಭವಾಗಿ ತಿದ್ದುವವರು ಸಿಗುವುದಿಲ್ಲ. ಇಂಟರ್ನಲ್ಸ್‌ನಲ್ಲಿ ಅಂಕ ಬರುತ್ತದೆ, ಇನ್‌ಸ್ಟಾಗ್ರಾಂನಲ್ಲಿ ಲೈಕ್ ಬರುತ್ತದೆ, ಕೆಲಸಕ್ಕೆ ಅರ್ಜಿ ಹಾಕಿದವರಿಗೆ 'ವಿಷಾದಿಸುತ್ತೇವೆ' ಅನ್ನುವ ಮೇಲ್ ಬರುತ್ತದೆ, ಎಷ್ಟೋ ಸಲ ಅದೂ ಬರುವುದಿಲ್ಲ. ಕಳೆದ ವರ್ಷ ಡಿಗ್ರಿ ಮುಗಿಸಿದ ನನ್ನ ಚಿಕ್ಕಪ್ಪನ ಮಗಳು ಹದಿನೇಳು ಇಂಟರ್‌ವ್ಯೂ ಕೊಟ್ಟಿದ್ದಾಳೆ. ಹದಿನೇಳು ಕಡೆಯೂ 'ತಿಳಿಸ್ತೀವಿ' ಅಂದರು. ಏನನ್ನು ತಿಳಿಸಬೇಕಿತ್ತೋ ಅದನ್ನು ಒಬ್ಬರೂ ತಿಳಿಸಲಿಲ್ಲ. ಅವಳಿಗೆ ನಮ್ಮ ಗ್ರೂಪಿನ ವಿಷಯ ಹೇಳಿ, 'ನಿಮ್ಮ ಬಗ್ಗೆ ಹೇಳಿ' ಅನ್ನುವ ಪ್ರಶ್ನೆಗೆ ಒಂದು ನಿಮಿಷ ಉತ್ತರಿಸಿ ರೆಕಾರ್ಡ್ ಮಾಡಿ ಕಳಿಸಕ್ಕ ಅಂದೆ. ಬೈದುಕೊಂಡೇ ಕಳಿಸಿದಳು. 'ಮೊದಲ ಇಪ್ಪತ್ತು ಸೆಕೆಂಡ್ ಅಚ್ಚುಕಟ್ಟು. 40ರಿಂದ ಮುಂದೆ ನಾಲ್ಕು ಸಲ "ಬೇಸಿಕಲಿ" ಅಂದಿದ್ದೀಯ' ಅಂತ ಬರೆದೆ. 'ಸುಳ್ಳು' ಎಂದು ಉತ್ತರ ಬಂತು. ಐದು ನಿಮಿಷ ಬಿಟ್ಟು ಇನ್ನೊಂದು: 'ಐದು ಸಲ ಅಂದಿದೀನಿ.'

ಹೀಗೆ ಹೇಳಿದರೆ ನಾನೇನೋ ತಿದ್ದುವುದರಲ್ಲಿ ನಿಪುಣ ಅಂತ ಕೇಳಿಸಬಹುದು. ಅಲ್ಲ. ಜನವರಿಯಲ್ಲಿ ಗ್ರೂಪಿಗೆ ಹೊಸ ಹುಡುಗನೊಬ್ಬ ಬಂದ, ಪಿಯುಸಿ ಓದುವವನು. ಅವನ ಮೊದಲ ರೆಕಾರ್ಡಿಂಗ್ ಕೇಳಿ ನಾನು ಒಂಬತ್ತು ತಪ್ಪು ಪಟ್ಟಿ ಮಾಡಿ ಹಾಕಿದೆ, ಎಲ್ಲಕ್ಕೂ ಸೆಕೆಂಡ್ ಸಮೇತ. ಎಲ್ಲವೂ ನಿಜವಾದ ತಪ್ಪುಗಳೇ. ಅವನು 'ಥ್ಯಾಂಕ್ಸ್ ಅಣ್ಣ' ಅಂದ. ಮುಂದಿನ ಶನಿವಾರ ಏನೂ ಹಾಕಲಿಲ್ಲ, ಅದರ ಮುಂದಿನ ಶನಿವಾರವೂ. ಮೇಷ್ಟ್ರು ನನಗೆ ಬೇರೆಯಾಗಿ ಫೋನ್ ಮಾಡಿ, 'ಒಂದೇ ಹೇಳಬೇಕು ಅಂತ ನಿಯಮ ಯಾಕಿಟ್ಟಿದ್ದೀವಿ ಗೊತ್ತೇನಪ್ಪಾ? ಒಂದು ವಾರದಲ್ಲಿ ಒಂದೇ ತಿದ್ದೋಕೆ ಆಗೋದು' ಅಂದರು. ಹುಡುಗನಿಗೆ ಮೆಸೇಜ್ ಮಾಡಿ ಕ್ಷಮೆ ಕೇಳಿದೆ. ನೋಡಿದ ಗುರುತು ಬಂತು, ಉತ್ತರ ಬರಲಿಲ್ಲ. ಅವನು ಈಗ ಎಲ್ಲಾದರೂ ನುಡಿಸುತ್ತಿದ್ದಾನೋ ಇಲ್ಲವೋ.

ಆನ್‌ಲೈನ್‌ನಲ್ಲೇ ಎಲ್ಲ ಕಲಿಯಬಹುದು, ಗುರು ಬೇಡ ಅನ್ನುವವರ ಪಾಳಯಕ್ಕೂ ನಾನು ಸೇರಿದವನಲ್ಲ. ಫೆಬ್ರುವರಿಯಲ್ಲಿ ನನ್ನ ಬಲಗೈ ಮಣಿಕಟ್ಟು ನೋಯತೊಡಗಿತು. ಗ್ರೂಪಿನಲ್ಲಿ ಯಾರಿಗೂ ಕಾರಣ ಗೊತ್ತಾಗಲಿಲ್ಲ, ಗೊತ್ತಾಗುವುದಾದರೂ ಹೇಗೆ? ನಾನು ಫೋನ್ ಇಡುತ್ತಿದ್ದ ಕೋನದಲ್ಲಿ ಬೆರಳು ಮಾತ್ರ ಕಾಣುತ್ತಿತ್ತು. ಊರಿಗೆ ಹೋದಾಗ ಗಿಟಾರ್ ಕಲಿಸುವ ಪರಿಚಯದವರೊಬ್ಬರು ಎದುರು ಕೂರಿಸಿಕೊಂಡು ನೋಡಿ, ಮಣಿಕಟ್ಟನ್ನು ಒಳಕ್ಕೆ ಮಡಚಿ ಮೀಟುತ್ತಿದ್ದೀಯ ಅಂತ ಅರೆಕ್ಷಣದಲ್ಲಿ ಹೇಳಿದರು. ಒಂದು ನಿಮಿಷದ ರೆಕಾರ್ಡಿಂಗ್‌ನಲ್ಲಿ ಕಾಣದ್ದು ಬಹಳ ಇರುತ್ತದೆ. ಹಾಗಂತ ಹತ್ತಿರದಲ್ಲಿ ಗುರು ಇಲ್ಲದವರು, ಫೀಸು ಕಟ್ಟಲಾಗದವರು ಅಲ್ಲಿವರೆಗೂ ಕೈ ಕಟ್ಟಿ ಕೂರಬೇಕೆ? ನನಗೆ ಹಾಗನ್ನಿಸುವುದಿಲ್ಲ.

ಇನ್ನು 'ಇಷ್ಟೆಲ್ಲಾ ಕಷ್ಟಪಡ್ತೀಯ, ಚಾನೆಲ್ ಮಾಡು, ದುಡ್ಡಾದ್ರೂ ಬರುತ್ತೆ' ಅನ್ನುವ ಗೆಳೆಯರಿಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಚಾನೆಲ್‌ಗೆ ಹಾಕುವುದಾದರೆ ಮೂವತ್ತೊಂದರಲ್ಲಿ ಚೆಂದದ್ದನ್ನು ಆರಿಸಿ ಹಾಕಬೇಕು. ನನಗೆ ಬೇಕಾದದ್ದು ಕೆಟ್ಟದ್ದನ್ನೂ ಹಾಕಬಹುದಾದ ಜಾಗ.

ಗಣಿತಕ್ಕೂ ಈಗ ಅಂಥದ್ದೊಂದು ಜಾಗ ಮಾಡಿಕೊಂಡಿದ್ದೇವೆ. ಹಾಸ್ಟೆಲಿನಲ್ಲಿ ಬ್ಯಾಕ್‌ಲಾಗ್ ಇರುವ ನಾಲ್ವರು ದಿನಾ ರಾತ್ರಿ ಒಂದೇ ಲೆಕ್ಕವನ್ನು ಬಿಡಿಸಿ, ಕಾಟು ಹೊಡೆದದ್ದನ್ನೂ ಬಿಡದೆ ಫೋಟೊ ಹಾಕುತ್ತೇವೆ. ಉಳಿದವರು ತಪ್ಪಿದ ಸಾಲಿಗೆ ಕೆಂಪು ಸುತ್ತು ಹಾಕಬೇಕು, ಒಂದೇ ಸುತ್ತು. ಮೊದಲ ವಾರ ನಾಚಿಕೆಗೆ ಇಬ್ಬರು ಫೋಟೊವನ್ನೇ ಹಾಕಲಿಲ್ಲ. ಈಗ ರಾತ್ರಿ ಹತ್ತಾದರೂ ಯಾರದ್ದಾದರೂ ಬರದಿದ್ದರೆ ಬಾಗಿಲು ಬಡಿಯುತ್ತೇವೆ. ಪರೀಕ್ಷೆ ಮುಂದಿನ ತಿಂಗಳು. ಪಾಸಾಗುತ್ತೇನೋ ಇಲ್ಲವೋ, ಅದು ಈ ಲೇಖನ ಅಚ್ಚಾದ ಮೇಲಿನ ಕತೆ. ಅಪ್ಪನಿಗೆ ಅಮ್ಮನೇ ಹೇಳಿದಳಂತೆ. ಅವರು ಮಾತಾಡಿದ್ದು ಒಂದೇ: 'ಲೆಕ್ಕದಲ್ಲಿ ತಪ್ಪು ಹುಡುಕೋಕೆ ಮೊದಲ್ನೇ ಸಾಲಿಂದ ಬರಬೇಕು ಅಂತ ಹೇಳು.'

ಈ ವಾರದ ಚಾಲೆಂಜ್ ಜಂಟಿ ವರಸೆ. ಒಂದೇ ಸ್ವರವನ್ನು ಎರಡೆರಡು ಸಲ ಮೀಟಬೇಕು, ಮಧ್ಯದ ಬೆರಳು ಒಮ್ಮೆ, ತೋರುಬೆರಳು ಒಮ್ಮೆ, ಎರಡರ ದನಿಯೂ ಒಂದೇ ತೂಕದಲ್ಲಿರಬೇಕು. ನನ್ನ ಮಧ್ಯದ ಬೆರಳಿನದ್ದು ಜೋರಾಗುತ್ತಿದೆ. ಅಮ್ಮನಿಗೆ ನಿನ್ನೆ ಕಳಿಸಿದೆ, ಇದು ಅವಳು ಸಂಗೀತ ಬಿಟ್ಟ ಪಾಠ. 'ಗಮಕ ಎಲ್ಲೋ?' ಅಂದಳು. ಇದರಲ್ಲಿ ಅಷ್ಟೆಲ್ಲಾ ಬರಲ್ಲಮ್ಮ ಅಂದೆ. ಅವಳು ಒಪ್ಪಿದಂತೆ ಕಾಣಲಿಲ್ಲ, ಫೋನಿನಲ್ಲೇ ತಾಳ ಹಾಕುತ್ತಾ ಮೊದಲ ಸಾಲು ಹಾಡಿ ತೋರಿಸಿದಳು. ಎರಡನೆಯದು ಮರೆತಿದ್ದಳು. ಇವತ್ತು ಗುರುವಾರ. ಶನಿವಾರಕ್ಕೆ ಇನ್ನೂ ಎರಡು ರಾತ್ರಿ ಇದೆ.